ಎಡಗಡೆ ಮಂಕು

ಹೊಸ ಇಯರ್‌ಫೋನ್ ಕಿವಿಗೆ ಹಾಕಿಕೊಂಡರೆ ಅವಳು ಮೊದಲು ಕೇಳುತ್ತಿದ್ದುದು ಹಾಡನ್ನಲ್ಲ, ಕತ್ತರಿಯನ್ನು. ಯಾರೋ ದಪ್ಪ ಬಟ್ಟೆ ಕತ್ತರಿಸುವ ಸದ್ದನ್ನು ಆಫೀಸಿನವರೇ ರೆಕಾರ್ಡ್ ಮಾಡಿ ಇಟ್ಟಿದ್ದರು. ಹಾಡಾದರೆ ಮನಸ್ಸು ಅದರ ಹಿಂದೆ ಹೋಗಿಬಿಡುತ್ತದೆ, ಕತ್ತರಿಯ ಹಿಂದೆ ಯಾರೂ ಹೋಗುವುದಿಲ್ಲ. ಚಕ್ ಚಕ್ ಅನ್ನುವುದು ಎರಡು ಕಿವಿಗೂ ಸಮನಾಗಿ ಬಂದು ನೆತ್ತಿಯ ನಡುವೆ ನಿಲ್ಲಬೇಕು. ಅವತ್ತು ನಿಲ್ಲಲಿಲ್ಲ. ಬಲಕ್ಕೆ ಜಾರಿತು. ಎಡಗಡೆಯ ಕತ್ತರಿಗೆ ಯಾರೋ ಕಂಬಳಿ ಹೊದಿಸಿದ ಹಾಗಿತ್ತು.

ಇಂಥದ್ದಕ್ಕೆ ಅಲ್ಲೊಂದು ನಿಯಮವಿತ್ತು. ಒಂದು ಬದಿ ಮಂಕು ಅನ್ನಿಸಿದರೆ ಬಾಯಿ ಬಿಡುವ ಮೊದಲು ಅದಲುಬದಲು ಮಾಡಿ ನೋಡಬೇಕು. ಎಡದ ತುಂಡು ಬಲಗಿವಿಗೆ, ಬಲದ್ದು ಎಡಗಿವಿಗೆ. ಮಂಕು ತುಂಡಿನ ಜೊತೆ ಹೋದರೆ ತಪ್ಪು ತುಂಡಿನದು. ಇದ್ದಲ್ಲೇ ಉಳಿದರೆ ತಪ್ಪು ಕಿವಿಯದು. ನೆಗಡಿಯೋ ಗುಗ್ಗೆಯೋ ಆಗಿರುತ್ತದೆ, ಅವತ್ತಿಗೆ ಕೇಳುವ ಕೆಲಸಕ್ಕೆ ರಜೆ.

ಅವಳು ಅದಲುಬದಲು ಮಾಡಿದಳು. ಮಂಕು ಎಡಗಡೆಯಿಂದ ಕದಲಲಿಲ್ಲ.

ಅವಳಿಗೆ ನೆಗಡಿ ಇರಲಿಲ್ಲ. ಮೂಗು ಹಿಡಿದು ಉಸಿರು ಒತ್ತಿ ನೋಡಿದಳು, ಆಕಳಿಸಿದಳು, ಕಿವಿಯ ಹಾಲೆ ಹಿಡಿದು ಎಳೆದಳು. ಮತ್ತೆ ಕತ್ತರಿ ಹಾಕಿದಳು. ಹಾಗೇ ಇತ್ತು. ಮೇಜಿನ ಆಚೆ ತುದಿಯಲ್ಲಿ ಬೆನ್ನು ಹಾಕಿ ಕೂತಿದ್ದ ಗೆರೆಯಣ್ಣ ತಿರುಗಿ ನೋಡಿರಲಿಲ್ಲ. ತುಂಡುಗಳನ್ನು ಬೇಗಬೇಗ ಮೊದಲಿನಂತೆ ಬದಲಿಸಿಕೊಂಡು, ಎಡಗಡೆ ವೀಕು ಎಂದು ಹೇಳಿ ಇಯರ್‌ಫೋನನ್ನು ಅವನ ಕಡೆ ತಳ್ಳಿದಳು.

ಗೆರೆಯಣ್ಣ ಅಳತೆಯವನು. ಅವನ ಹತ್ತಿರ ಒಂದು ರಬ್ಬರ್ ಕಿವಿ ಇತ್ತು, ಅದರೊಳಗೆ ಮೈಕು. ಇಯರ್‌ಫೋನನ್ನು ಅದಕ್ಕೆ ಸಿಕ್ಕಿಸಿದರೆ ಕಂಪ್ಯೂಟರಿನ ಮೇಲೆ ಒಂದು ಗೆರೆ ಬರುತ್ತಿತ್ತು. ಎಡಗಡೆ ಬೇಸು ಅನ್ನುವ ದಪ್ಪ ಸದ್ದು, ಬಲಗಡೆ ಟ್ರೆಬಲ್ ಅನ್ನುವ ಸಿಳ್ಳು ಸದ್ದು, ನಡುವೆ ಮನುಷ್ಯರ ದನಿ. ದಿನವಿಡೀ ಗೆರೆ ನೋಡುವವನಿಗೆ ಆ ಹೆಸರು ಬಂತು, ದಿನವಿಡೀ ಕೇಳುವ ಅವಳಿಗೆ 'ಕಿವಿ' ಎಂದು. ಪ್ಯಾಕಿಂಗ್ ಹಾಲಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 'ಕಿವಿಯಮ್ಮ' ಅನ್ನುತ್ತಿದ್ದರು. ಅಗ್ಗದ ಇಯರ್‌ಫೋನ್ ಮಾರುವ ಸಣ್ಣ ಕಂಪನಿ ಅದು. ಬೇರೆಯವರ ಕಾರ್ಖಾನೆಯಲ್ಲಿ ಮಾಡಿಸಿ ತಮ್ಮ ಹೆಸರು ಅಂಟಿಸಿ ಮಾರುವವರು. ಆದರೂ ಇಬ್ಬರು ಸರಿ ಅನ್ನದೆ ಯಾವುದೂ ಡಬ್ಬಿ ಸೇರುತ್ತಿರಲಿಲ್ಲ. ಮೊದಲು ಗೆರೆ, ಆಮೇಲೆ ಕಿವಿ. ಎರಡಕ್ಕೂ ಜಗಳ ಬಂದರೆ ಮಾಲೀಕರು ಕಿವಿಯ ಮಾತು ಕೇಳುತ್ತಿದ್ದರು. ಕೊಳ್ಳುವವನು ಗೆರೆ ತಗೊಂಡು ಏನ್ ಮಾಡ್ತಾನೆ, ಎಂದು ಅವರ ವಾದ.

ಗೆರೆಯಣ್ಣ ಎರಡೂ ಬದಿ ಅಳೆದು ತಲೆ ಕೆರೆದುಕೊಂಡ. ನನ್ನ ರಬ್ಬರ್ ಕಿವಿಗೆ ಎರಡೂ ಅವಳಿಜವಳಿ ಅನ್ನಿಸ್ತಿದೆಯಲ್ಲ ತಾಯಿ, ಎಂದ. ವೈರಿನ ಬುಡದಲ್ಲಿ ಎಲ್ಲೋ ಲೂಸಿದೆ, ಬಗ್ಗಿಸಿದಾಗ ಮಾತ್ರ ಬರುತ್ತದೆ ಎಂದಳು. ಅವನು ನಂಬಿದ. ಅವಳ ಕಿವಿ ತಪ್ಪಿದ್ದನ್ನು ಅವನು ಯಾವತ್ತೂ ನೋಡಿರಲಿಲ್ಲ. ಇಡೀ ಮಧ್ಯಾಹ್ನ ಆ ವೈರನ್ನು ಬಗ್ಗಿಸಿ ಬಗ್ಗಿಸಿ ಇಲ್ಲದ ಲೂಸನ್ನು ಹುಡುಕಿದ. ಅವಳು ಅವನ ಬೆನ್ನು ನೋಡುತ್ತಾ ಕೂತಿದ್ದಳು.

ಹೆದರಿಕೆಗೆ ಕಾರಣ ಮನೆಯಲ್ಲೇ ಇತ್ತು. ಅವಳ ಅಪ್ಪ ನೂಲಿನ ಗಿರಣಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಓಡುತ್ತಿರುವ ಯಂತ್ರದ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿ ಆನಿಸಿ, ಒಳಗಿನ ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರು. ಅವಳ ಈಗಿನ ವಯಸ್ಸಿನಲ್ಲೇ ಅವರಿಗೆ ಒಂದು ಕಿವಿ ಮಂದವಾಗಲು ಶುರುವಾಯಿತು. ಯಾರಿಗೂ ಹೇಳಲಿಲ್ಲ. ಇನ್ನೊಂದು ಕಿವಿಯಲ್ಲಿ ಕೆಲಸ ಸಾಗಿಸಿದರು. ಅದೂ ಹೊರಟಿತು. ಆಮೇಲೆ ಅಂದಾಜಿನಲ್ಲಿ ಹೇಳತೊಡಗಿದರು. ಒಂದು ದಿನ ಅವರು ಸರಿ ಇದೆ ಎಂದ ಯಂತ್ರದ ಬೇರಿಂಗ್ ಒಡೆದು ಪಕ್ಕದಲ್ಲಿದ್ದ ಹೆಂಗಸಿನ ಮುಂಗೈಗೆ ಹೊಡೆಯಿತು. ಅವರನ್ನು ಗೇಟಿಗೆ ಹಾಕಿದರು. ಗೇಟಿನಲ್ಲಿ ಲಾರಿಯ ಹಾರ್ನ್ ಕೇಳಬೇಕಲ್ಲ, ಅಲ್ಲಿಂದಲೂ ಕಳಿಸಿದರು. ಈಗ ಮನೆಯಲ್ಲಿದ್ದಾರೆ. ಅವರ ಜೊತೆ ಮಾತಾಡುವುದೆಂದರೆ ಬೀದಿಯ ಜೊತೆ ಮಾತಾಡಿದ ಹಾಗೆ. ಮನೆಯ ಗುಟ್ಟೆಲ್ಲ ಪಕ್ಕದ ಮನೆಯವರಿಗೆ ಗೊತ್ತು. ಬೇರೆಯವರು ನಕ್ಕಾಗ ಅವರೂ ನಗುತ್ತಾರೆ, ಒಂದು ಗಳಿಗೆ ತಡವಾಗಿ.

ಅವಳು ಸಣ್ಣವಳಿದ್ದಾಗಿನಿಂದ ಆ ತಡವಾದ ನಗುವನ್ನು ನೋಡುತ್ತಾ ಬಂದಿದ್ದಳು. ಅದಕ್ಕಿಂತ ಹೆಚ್ಚು ಹೆದರಿಸುವ ವಸ್ತು ಅವಳ ಪಾಲಿಗೆ ಇರಲಿಲ್ಲ.

ಮರುದಿನದಿಂದ ಅವಳು ಅದಲುಬದಲು ಮಾಡುವುದನ್ನೇ ಬಿಟ್ಟಳು. ಮಾಡಿದರೆ ಗೊತ್ತಾಗಿಬಿಡುತ್ತದೆ. ಬಲಗಿವಿಯಲ್ಲಿ ಕೇಳಿದ್ದನ್ನೇ ಎರಡು ಕಿವಿಯ ಲೆಕ್ಕಕ್ಕೆ ಹಿಡಿದು ತೀರ್ಪು ಕೊಟ್ಟಳು. ಕಂಫರ್ಟ್ ನೋಡುವ ಕೆಲಸಕ್ಕೆ ಹೆಚ್ಚು ಹೊತ್ತು ತೆಗೆದುಕೊಂಡಳು, ಅದಕ್ಕೆ ಕೇಳಿಸಬೇಕಾಗಿಲ್ಲ. ವೈರನ್ನು ಕಿವಿಯ ಮೇಲಿಂದ ಸುತ್ತಿ ಹಾಕಿಕೊಂಡು ಕಾರಿಡಾರಿನಲ್ಲಿ ಓಡಾಡುವುದು, ದವಡೆ ಆಡಿಸುವುದು, ಕತ್ತು ತಿರುಗಿಸುವುದು, ದಿಂಬಿನ ಮೇಲೆ ಪಕ್ಕಕ್ಕೆ ಮಲಗುವುದು, ಆಮೇಲೆ ಕನ್ನಡಿಯಲ್ಲಿ ಕಿವಿ ಎಲ್ಲಿ ಕೆಂಪಾಗಿದೆ ನೋಡುವುದು. ತುಂಡಿನ ತುದಿಗೆ ತೊಡಿಸುವ ಸಿಲಿಕೋನಿನ ಮೆತ್ತನೆಯ ಟಿಪ್ಪುಗಳನ್ನು ಸಣ್ಣದು, ನಡುವಿನದು, ದೊಡ್ಡದು ಎಂದು ಬದಲಿಸಿ ಬದಲಿಸಿ ಹಾಕುವುದು. ಅಗ್ಗದ ಮಾಲಿನ ಹಣೆಬರಹ ಅಲ್ಲೇ ಗೊತ್ತಾಗುತ್ತದೆ. ಸೌಂಡು ಎಷ್ಟೇ ಚೆನ್ನಾಗಿರಲಿ, ಕಿವಿ ನೋಯಿಸಿದರೆ ಜನ ತೆಗೆದು ಡ್ರಾಯರಿಗೆ ಎಸೆಯುತ್ತಾರೆ.

ಮನೆಯಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳತೊಡಗಿದಳು. ಬಲಗಿವಿಯನ್ನು ಬೆರಳಿನಿಂದ ಮುಚ್ಚಿ ನಲ್ಲಿ ತಿರುಗಿಸಿದಳು. ನೀರು ಬೀಳುವುದು ಕಾಣುತ್ತಿತ್ತು, ಸದ್ದು ಮಾತ್ರ ಪಕ್ಕದ ಮನೆಯಲ್ಲಿ ಬಿದ್ದ ಹಾಗೆ. ಎಡಗಿವಿಯ ಹತ್ತಿರ ಬೆರಳು ತಿಕ್ಕಿದರೆ ಏನೂ ಇಲ್ಲ. ನಿನ್ನೆಗಿಂತ ಕಡಿಮೆಯೋ ಅಷ್ಟೇಯೋ ತಿಳಿಯದೆ ಮತ್ತೆ ತಿಕ್ಕುವುದು. ಬಲಗಿವಿ ದಿಂಬಿಗೆ ಒತ್ತಿ ಮಲಗಿದರೆ ಕೋಣೆಯೇ ಆರಿಹೋದಂತಾಗುತ್ತಿತ್ತು. ತಟ್ಟನೆ ಮಗ್ಗುಲು ಬದಲಿಸುತ್ತಿದ್ದಳು. ತಂಗಿ ಒಂದು ಸಂಜೆ ಟೀವಿಯ ವಾಲ್ಯೂಮ್ ಇಳಿಸುತ್ತಾ, ಅಪ್ಪನಿಗೆ ಜೊತೆ ಸಿಕ್ಕಿತು ಬಿಡು, ಎಂದಳು. ತಮಾಷೆಗೇ ಅಂದದ್ದು. ಅಕ್ಕ ತಟ್ಟೆ ಬಿಟ್ಟು ಎದ್ದು ಹೋದಾಗ ತಂಗಿಗೆ ಏನೂ ಅರ್ಥವಾಗಲಿಲ್ಲ.

ಆ ವಾರವೇ ಮಾಲೀಕರು ಎರಡು ಮಾದರಿ ತಂದು ಮೇಜಿನ ಮೇಲಿಟ್ಟರು. ಹೊರಗಿನ ರೂಪ ಎರಡಕ್ಕೂ ಒಂದೇ, ಒಳಗಿನ ಟ್ಯೂನಿಂಗ್ ಬೇರೆ. ಕಂಪನಿ ಇಲ್ಲಿಯವರೆಗೆ ಮಾಡಿದ್ದರಲ್ಲೇ ದೊಡ್ಡ ಆರ್ಡರ್ ಅದು. ಯಾವುದು ಎಂದು ಅವಳು ಹೇಳಿದರೆ ಕಾರ್ಖಾನೆ ಶುರು ಮಾಡುತ್ತದೆ. ಗೆರೆಯಣ್ಣ ಎರಡರ ಗೆರೆಯನ್ನೂ ತೋರಿಸಿ ಗೊಣಗಿದ. ಈ ವರ್ಷ ನಿನ್ನ ಮಾತು ಕೇಳಿ ಕೇಳಿ ನನ್ನ ಗೆರೆಯ ಎಡಗಡೆ ಗುಡ್ಡ ಹತ್ತುತ್ತಿದೆ, ಪ್ರತಿ ಸಲ ಬೇಸು ಸಾಲದು ಬೇಸು ಸಾಲದು ಅಂತೀಯ, ಇದರಲ್ಲಿ ಎರಡನೆಯದು ನೋಡು, ಗುಡ್ಡ ಅಲ್ಲ ಬೆಟ್ಟ, ಎಂದ. ಅವಳು ನಗುವ ಹಾಗೆ ಮಾಡಿದಳು. ನಕ್ಕದ್ದು ತಡವಾಯಿತೇನೋ ಅನ್ನಿಸಿತು.

ನೆಗಡಿ ಆಗಿದೆ, ಮುಂದಿನ ವಾರ ಕೇಳಿ ಹೇಳುತ್ತೇನೆ ಎಂದಳು. ಮಾಲೀಕರು ಅವಳ ಮೂಗು ನೋಡಿದರು. ಒಣಗಿದ ಮೂಗು. ಕಾರ್ಖಾನೆಯವರು ಅಷ್ಟು ದಿನ ಕಾಯುವುದಿಲ್ಲ, ನಾಡಿದ್ದಿಗೆ ಬೇಕು, ಶುಂಠಿ ಕಷಾಯ ಕುಡಿ, ಹಬೆ ತಗೋ, ಎಂದು ಹೋದರು.

ಮನೆಗೆ ಬಂದು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ತಂಗಿ ಬಾಗಿಲಲ್ಲಿ ನಿಂತು ಕಾಲೇಜಿನ ಏನೋ ಕತೆ ಹೇಳುತ್ತಿದ್ದಳು. ಅಪ್ಪ ಎದುರಿನ ಸ್ಟೂಲಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕತೆ ಅವರಿಗೆ ಕೇಳುವುದಿಲ್ಲ, ಮುಖಗಳನ್ನಷ್ಟೇ ನೋಡುತ್ತಿದ್ದರು. ಸುಲಿಯುವುದನ್ನು ನಿಲ್ಲಿಸಿ ಅವಳನ್ನೇ ನೋಡಿದರು.

"ಯಾವ ಕಿವಿ?" ಎಂದರು.

ಅವಳ ಚಾಕು ನಿಂತಿತು. ಏನೂ ಇಲ್ಲ ಎಂದು ಕೈಯಾಡಿಸಿದಳು.

"ಕತ್ತು ವಾಲಿಸ್ತಿದೀಯ. ನಾನು ಹಂಗೇ ವಾಲಿಸ್ತಿದ್ದೆ, ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡು. ಯಾವುದು ಹೇಳು."

ಅವಳು ಎಡಗಿವಿ ಮುಟ್ಟಿ ತೋರಿಸಿದಳು. ತಂಗಿಯ ಕತೆ ನಿಂತಿತು. ಅಪ್ಪ ಉಳಿದ ಬೆಳ್ಳುಳ್ಳಿ ಸುಲಿದು ಮುಗಿಸಿದರು. ಬೆಳಿಗ್ಗೆ ಅವಳು ಎದ್ದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ನಿಂತಿದ್ದರು.

ಆಸ್ಪತ್ರೆಯಲ್ಲಿ ಕಿವಿ ಡಾಕ್ಟರ ಕೋಣೆಯ ಹೊರಗಿನ ಕಾರಿಡಾರಿನಲ್ಲಿ ಬೆಂಚುಗಳಿದ್ದವು. ಬೆಂಚುಗಳ ತುಂಬ ಜನ, ಯಾರೂ ಮೆಲ್ಲಗೆ ಮಾತಾಡುವವರಲ್ಲ. ಹೆಸರು ಕರೆದರೆ ಕೇಳಿಸದೆ ಕೂತಲ್ಲೇ ಕೂರುವವರು. ಪಕ್ಕದವರು ಭುಜ ತಟ್ಟಿ ಎಬ್ಬಿಸುತ್ತಿದ್ದರು. ಇನ್ನು ಕೆಲವು ವರ್ಷಕ್ಕೆ ತನ್ನ ಭುಜವನ್ನು ಯಾರು ತಟ್ಟಬೇಕು ಎಂದು ಅವಳು ಲೆಕ್ಕ ಹಾಕಿದಳು. ಅಪ್ಪ ಇರುವುದಿಲ್ಲ. ತಂಗಿ ಮದುವೆಯಾಗಿ ಹೋಗಿರುತ್ತಾಳೆ. ಅವಳಿಗೆ ಬೇರೆ ಕೆಲಸ ಗೊತ್ತಿಲ್ಲ. ಕೇಳುವುದೊಂದೇ ಗೊತ್ತು.

ಡಾಕ್ಟರ್ ವಯಸ್ಸಾದ ಹೆಂಗಸು, ಮಾತು ಕಡಿಮೆ. ಎಡಗಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಸ್ವಲ್ಪ ಹೊತ್ತು ನೋಡಿದರು. ಮತ್ತೆ ನೋಡಿದರು. ಅವಳು ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದಳು. ಅಲ್ಲಾಡಬೇಡಿ ಎಂದು ಸಣ್ಣ ಇಕ್ಕಳ ತೆಗೆದುಕೊಂಡರು. ಕಿವಿಯ ಆಳದಲ್ಲಿ ಏನೋ ಪರಪರ ಅಂದಿತು, ಆಮೇಲೆ ಪಟ್ಟೆಂದಿತು, ಆಮೇಲೆ ಲೋಕವೆಲ್ಲ ಒಮ್ಮೆಲೇ ಒಳಗೆ ನುಗ್ಗಿತು. ಫ್ಯಾನು, ಕಾರಿಡಾರಿನ ಗದ್ದಲ, ಡಾಕ್ಟರ ಕೈಬಳೆ.

ಸ್ಟೀಲ್ ತಟ್ಟೆಯ ಮೇಲೆ ಬೂದು ಬಣ್ಣದ ಒಂದು ಸಿಲಿಕೋನ್ ಟಿಪ್ಪು ಬಿದ್ದಿತ್ತು. ಸಣ್ಣ ಸೈಜು.

"ಇದು ನಿಮ್ಮದಾ?" ಎಂದರು ಡಾಕ್ಟರ್.

ಮಂಕು ಶುರುವಾಗುವ ಮೊದಲು ಯಾವತ್ತೋ ದಿಂಬಿನ ಮೇಲೆ ಮಲಗಿ ನೋಡಿದಾಗ ಯಾವುದೋ ತುಂಡಿನಿಂದ ಕಳಚಿಕೊಂಡಿರಬೇಕು. ಆಮೇಲೆ ಹಾಕಿಕೊಂಡ ಒಂದೊಂದು ಇಯರ್‌ಫೋನೂ ಅದನ್ನು ಇನ್ನಷ್ಟು ಒಳಗೆ ತಳ್ಳಿತ್ತು. ಟಿಪ್ಪು ಕಾಣೆಯಾದರೆ ಆಫೀಸಿನಲ್ಲಿ ಮೇಜಿನಡಿ ಹುಡುಕುತ್ತಾರೆ, ಕಸಪೊರಕೆಯವಳನ್ನು ಬೈಯುತ್ತಾರೆ, ಕಿವಿಯೊಳಗೆ ಯಾರೂ ಹುಡುಕುವುದಿಲ್ಲ. ಅವಳ ಹೆದರಿಕೆ ಮೊದಲ ದಿನವೇ ನೆಟ್ಟಗೆ ಅಪ್ಪನ ಕಿವುಡಿನ ಕಡೆ ಓಡಿತ್ತು, ಬೇರೆ ದಾರಿ ಅದಕ್ಕೆ ಹೊಳೆಯಲೇ ಇಲ್ಲ. ಅವಳು ನಗಲು ಶುರು ಮಾಡಿದಳು. ತಟ್ಟೆ ನೋಡಿದ ಅಪ್ಪನೂ ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಹಣೆ ಚಚ್ಚಿಕೊಂಡರು.

ಡಾಕ್ಟರ್ ನಗಲಿಲ್ಲ. ಅಪ್ಪನನ್ನು ತೋರಿಸಿ, ಇವರಿಗೆ ಯಾವ ವಯಸ್ಸಿನಲ್ಲಿ ಶುರುವಾಯಿತು ಎಂದು ಕೇಳಿದರು. ಅವಳು ಹೇಳಿದಳು. ಹೇಗೂ ಬಂದಿದ್ದೀರಿ, ಎರಡೂ ಕಿವಿ ಪರೀಕ್ಷೆ ಮಾಡಿಸಿಕೊಂಡೇ ಹೋಗಿ, ಎಂದರು.

ಪಕ್ಕದಲ್ಲಿ ಗಾಜಿನ ಕಿಟಕಿಯಿದ್ದ ಒಂದು ಗೂಡು, ಒಳಗೆ ಒಂದು ಕುರ್ಚಿ. ಹೆಡ್‌ಫೋನ್ ಹಾಕಿ ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು, ಎಷ್ಟೇ ಸಣ್ಣದಿರಲಿ. ಬಾಗಿಲು ಮುಚ್ಚಿತು. ಅವಳ ಕಸುಬೇ ಇದು, ಹಾಗಾಗಿ ನಿರಾಳವಾಗಿಯೇ ಕೂತಳು. ಎಡಗಿವಿ ಮೊದಲು. ಸಣ್ಣ ಸಣ್ಣ ಕೂಗುಗಳು ದೂರದಿಂದ ಬಂದು ಮುಟ್ಟಿ ಹೋದವು. ಒಂದೊಂದಕ್ಕೂ ಒತ್ತಿದಳು. ಮಂಕಿನ ಸುಳಿವೂ ಇರಲಿಲ್ಲ.

ಆಮೇಲೆ ಬಲಗಿವಿ. ಸಿಳ್ಳಿನಂಥ ಸದ್ದುಗಳು ಬಂದವು. ಅವು ಕೆಳಗಿಳಿದು ದಪ್ಪನೆಯ ಸದ್ದುಗಳಾಗುವ ಹೊತ್ತಿಗೆ ಏನೋ ನಿಂತುಹೋಯಿತು. ಅವಳು ಕಾದಳು. ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತೇನೋ ಎಂದು ಕಣ್ಣೆತ್ತಿ ನೋಡಿದಳು. ಗಾಜಿನಾಚೆ ಕೂತವನು ಇನ್ನೂ ಕೆಲಸ ಮಾಡುತ್ತಿದ್ದ. ಅವನ ಭುಜ ಸ್ವಲ್ಪ ತಗ್ಗುತ್ತಿತ್ತು, ಏಳುತ್ತಿತ್ತು, ಮತ್ತೆ ತಗ್ಗುತ್ತಿತ್ತು. ತಗ್ಗಿದಾಗಲೆಲ್ಲ ಒಂದು ಸದ್ದು ಕಳಿಸುತ್ತಿದ್ದಾನೆ. ಅದು ಅವಳ ಬಲಗಿವಿಗೆ ಬರುತ್ತಿದೆ. ಅವಳಿಗೆ ಕೇಳುತ್ತಿಲ್ಲ.

ಇಷ್ಟು ದಿನ ಅವಳು ನಂಬಿಕೊಂಡಿದ್ದು ಈ ಕಿವಿಯನ್ನು. ಬೇಸು ಸಾಲದು ಬೇಸು ಸಾಲದು ಎಂದು ವರ್ಷವಿಡೀ ಹೇಳಿದ್ದು ಈ ಕಿವಿ. ಗೆರೆಯಣ್ಣನ ಗುಡ್ಡ ಏರಿದ್ದು ಕೊಳ್ಳುವವರಿಗಾಗಿ ಅಲ್ಲ. ಅವಳ ಕಿವಿ ಇಳಿದಷ್ಟೂ ಗೆರೆ ಏರಿತ್ತು.

ಭುಜ ತಗ್ಗಿತು. ಅವಳ ಹೆಬ್ಬೆರಳು ಗುಂಡಿಯ ಮೇಲೆ ಇತ್ತು. ಒತ್ತಿದರೆ ಆಯಿತು. ಭುಜ ನೋಡಿ ನೋಡಿ ಒತ್ತಿದರೆ ಎಲ್ಲ ಸರಿ ಇದೆ ಎಂದು ಬರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೆಬ್ಬೆರಳು ಒಂದು ಸಲ ಒತ್ತಿಯೇ ಬಿಟ್ಟಿತು. ಗಾಜಿನಾಚೆ ಅವನು ತಲೆಯಾಡಿಸಿ ಏನೋ ಒತ್ತಿಕೊಂಡ. ಅವನ ಹಿಂದೆ ಅಪ್ಪ ನಿಂತು ಇಣುಕುತ್ತಿದ್ದರು. ಇಸ್ತ್ರಿ ಅಂಗಿ, ಮುಖದಲ್ಲಿ ಟಿಪ್ಪಿನ ನಗು ಇನ್ನೂ ಅರ್ಧ ಉಳಿದಿತ್ತು. ಆದರೆ ಅವರು ನೋಡುತ್ತಿದ್ದದ್ದು ಅವಳ ಕಣ್ಣು ಎಲ್ಲಿದೆ ಎಂದು. ಅವರಿಗೆ ಈ ಕಳ್ಳತನದ ಒಳಹೊರಗೆಲ್ಲ ಗೊತ್ತಿತ್ತು. ನಗು ಮೆಲ್ಲಗೆ ಇಳಿಯಿತು.

ಅವಳು ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಬಹಳ ಹೊತ್ತು ಏನೂ ಇರಲಿಲ್ಲ. ಮೈಯೆಲ್ಲ ಕಿವಿಯಾಗಿಸಿ ಕೂತಳು, ಏನೂ ಇರಲಿಲ್ಲ. ಕತ್ತಲೆಯಲ್ಲಿ ಮೆಟ್ಟಿಲು ಹುಡುಕುವ ಕಾಲಿನ ಹಾಗೆ ಹೆಬ್ಬೆರಳು ಗಾಳಿಯಲ್ಲಿ ನಿಂತಿತ್ತು. ಸದ್ದು ದೊಡ್ಡದಾಗಿ ಬಂದ ಮೇಲಷ್ಟೇ ಒತ್ತಿತು. ಮುಗಿದ ಮೇಲೆ, ಮೊದಲು ಒಂದು ಸಲ ಕೇಳದೆ ಒತ್ತಿದ್ದೆ, ಅದನ್ನು ಬಿಟ್ಟುಬಿಡಿ ಎಂದು ಪರೀಕ್ಷೆಯವನಿಗೆ ಹೇಳಿದಳು. ಅವನು ಅಷ್ಟನ್ನು ಮತ್ತೆ ಮಾಡಿದ.

ಡಾಕ್ಟರ್ ಸುತ್ತಿಬಳಸಲಿಲ್ಲ. ಒಳಗಿನ ನರ ಚೆನ್ನಾಗಿದೆ, ನಡುವಿನ ಸಣ್ಣ ಮೂಳೆ ಬಿಗಿಯಾಗುತ್ತಿರುವ ಹಾಗೆ ಕಾಣುತ್ತದೆ, ಇದು ಮನೆತನದಲ್ಲಿ ಬರುವುದುಂಟು, ಇನ್ನೊಂದು ಸಲ ನೋಡಿ ಖಚಿತ ಮಾಡಬೇಕು, ಎಂದರು. ಆಪರೇಷನ್ ಇದೆ, ಕಿವಿಗೆ ಹಾಕಿಕೊಳ್ಳುವ ಮಷೀನ್ ಇದೆ. ಎಷ್ಟು ಬೇಗ ಹೋಗುತ್ತದೆ ಎಂದು ಕೇಳಿದಳು. ಹೇಳಲಾಗುವುದಿಲ್ಲ ಎಂದರು. ಎಡಗಿವಿಗೂ ಬರುತ್ತದೆಯೇ ಎಂದು ಕೇಳಿದಳು. ಅದನ್ನೂ ಹೇಳಲಾಗುವುದಿಲ್ಲ ಎಂದರು.

ಕಾರಿಡಾರಿನಲ್ಲಿ ಅಪ್ಪ, ಏನಂದರು ಎಂದು ಕೇಳಿದರು. ಅವರಿಗೆ ಗುಟ್ಟಾಗಿ ಹೇಳುವ ದಾರಿ ಇರಲಿಲ್ಲ. ಅಷ್ಟು ಜನರ ನಡುವೆ ಅವಳು ಗಂಟಲು ಬಿಟ್ಟು ಹೇಳಿದಳು.

"ಬಲಗಡೆದು ಹೋಗ್ತಿದೆ ಅಪ್ಪಾ. ನಿಂದೇ."

ಬೆಂಚಿನ ಮೇಲಿದ್ದವರಲ್ಲಿ ಕೇಳುವವರೆಲ್ಲ ತಿರುಗಿದರು. ಅಪ್ಪ ಅವಳ ತುಟಿಗಳನ್ನು ನೋಡುತ್ತಿದ್ದವರು ನೆಲ ನೋಡಿದರು. ನನಗೂ ಬಲಗಡೆಯಿಂದಲೇ, ಎಂದರು. ಇಬ್ಬರೂ ಆಸ್ಪತ್ರೆಯ ಗೇಟು ದಾಟಿದರು. ರಸ್ತೆ ದಾಟುವಾಗ ಅವಳ ಮೊಣಕೈ ಹಿಡಿದುಕೊಂಡು, ನಾಳೆ ಆಫೀಸಿನಲ್ಲಿ ಏನು ಹೇಳುತ್ತೀಯ ಎಂದು ಕೇಳಿದರು. ಅವಳು ರಸ್ತೆಯ ಆಚೆ ಬದಿ ನೋಡುತ್ತಾ ನಡೆದಳು. ಗಿರಣಿಯ ಆ ಹೆಂಗಸಿನ ಕೈ ಆಮೇಲೆ ಸರಿಯಾಗಿ ಮಡಚಲಿಲ್ಲ, ಎಂದರು ಅವರು. ಅಷ್ಟು ಹೇಳಿ ಮೊಣಕೈ ಬಿಟ್ಟರು.

ಮರುದಿನ ಎರಡು ಮಾದರಿಗಳೂ ಮೇಜಿನ ಮೇಲೆ ಕಾಯುತ್ತಿದ್ದವು. ಮಾಲೀಕರು ನಿಂತೇ ಇದ್ದರು, ಫೋನು ಕೈಯಲ್ಲಿ. ಅವಳು ಮೊದಲನೆಯದನ್ನು ಹಾಕಿಕೊಂಡು ಕೇಳಿದಳು, ಎಲ್ಲರೂ ನೋಡುವ ಹಾಗೆ ಅದಲುಬದಲು ಮಾಡಿ ಕೇಳಿದಳು. ಎರಡನೆಯದನ್ನೂ ಹಾಗೇ. ಎಡಗಿವಿಗೆ ಎರಡನೆಯದರ ಬೇಸು ತಲೆ ಚಿಟ್ಟುಹಿಡಿಸುವಷ್ಟಿತ್ತು. ಬಲಗಿವಿಗೆ ಅದೇ ಹಿತವಾಗಿತ್ತು. ಎಷ್ಟು ಹಿತವಾಗಿತ್ತೆಂದರೆ ಅವಳಿಗೆ ಅಳು ಬಂತು. ತೆಗೆದಿಟ್ಟಳು.

"ಮೊದಲನೇದು ತಗೊಳ್ಳಿ. ಆದ್ರೆ ನನ್ನ ಮಾತಿನ ಮೇಲೆ ತಗೋಬೇಡಿ, ಇನ್ನೊಬ್ಬರ ಹತ್ರ ಕೇಳಿಸಿ. ನನಗೆ ಬಲಗಿವಿಲಿ ಬೇಸು ಕೇಳ್ತಿಲ್ಲ."

ಗೆರೆಯಣ್ಣ ಕುರ್ಚಿ ತಿರುಗಿಸಿದ. ನೆಗಡಿ ಅಲ್ವಾ ಎಂದ. ಅಲ್ಲ ಎಂದಳು. ಯಾವಾಗಿಂದ ಎಂದರು ಮಾಲೀಕರು. ಗೊತ್ತಿಲ್ಲ, ಈ ವರ್ಷದ ಮಾಲೆಲ್ಲ ನೋಡಬೇಕಾಗಬಹುದು ಎಂದಳು. ಮಾಲೀಕರು ಅವಳನ್ನು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಪ್ಯಾಕಿಂಗ್ ಹಾಲಿನಿಂದ ಇಬ್ಬರನ್ನು ಕರೆಸಿ ಎರಡೂ ಮಾದರಿ ಕೇಳಿಸಿದರು. ಇಬ್ಬರೂ ಮೊದಲನೆಯದನ್ನೇ ತೋರಿಸಿದರು. ಕಾರ್ಖಾನೆಗೆ ಫೋನ್ ಮಾಡಲು ಹೊರಗೆ ಹೊರಟವರು ಬಾಗಿಲಲ್ಲಿ ನಿಂತು, ಸದ್ಯಕ್ಕೆ ನೀನು ಸೌಂಡು ನೋಡಬೇಡ, ಕಂಫರ್ಟ್ ನೋಡು, ಮುಂದಿನದನ್ನು ಆಮೇಲೆ ಮಾತಾಡೋಣ ಎಂದರು. ಆಮೇಲೆ ಎಂದರೆ ಯಾವಾಗ, ಮುಂದಿನದು ಎಂದರೆ ಏನು ಎಂದು ಕೇಳಬೇಕೆನಿಸಿತು. ಅವರು ಆಗಲೇ ಹೊರಟಿದ್ದರು. ಗೆರೆಯಣ್ಣ ತನ್ನ ಕಂಪ್ಯೂಟರಿನ ಕಡೆ ತಿರುಗಿಕೊಂಡ.

ಅವಳು ಮೊದಲನೆಯ ಮಾದರಿಗೆ ನಡುವಿನ ಸೈಜಿನ ಟಿಪ್ಪು ಹಾಕಿ, ಎಳೆದು ನೋಡಿ, ಕಿವಿಗೆ ಸಿಕ್ಕಿಸಿಕೊಂಡಳು. ವೈರನ್ನು ಕಿವಿಯ ಹಿಂದಕ್ಕೆ ಸುತ್ತಿದಳು. ಕೆಳಗಿನ ತುದಿ ಯಾವುದಕ್ಕೂ ಚುಚ್ಚಿರಲಿಲ್ಲ, ಮಡಿಲಲ್ಲಿ ಬಿದ್ದಿತ್ತು. ಕಂಫರ್ಟ್ ನೋಡಲು ಸೌಂಡು ಬೇಕಾಗಿಲ್ಲ. ಹೊರಗಿನ ಸದ್ದೆಲ್ಲ ನಿಂತಿತು. ಒತ್ತುತ್ತದೆಯೋ, ಕೆರೆಯುತ್ತದೆಯೋ, ಜಾರುತ್ತದೆಯೋ ಎಂದು ಗಮನಿಸಬೇಕಿತ್ತು. ದವಡೆ ಆಡಿಸಿದಳು, ಕತ್ತು ತಿರುಗಿಸಿದಳು. ಎಲ್ಲೂ ನೋವಿರಲಿಲ್ಲ, ಮಾಲು ಚೆನ್ನಾಗಿತ್ತು. ಇನ್ನೂ ಒಂದು ಗಂಟೆ ಹೀಗೇ ಕೂರಬೇಕು. ಸ್ವಲ್ಪ ಹೊತ್ತಿನ ಮೇಲೆ ಅವಳಿಗೆ ತಾನು ಉಸಿರು ಬಿಗಿ ಹಿಡಿದಿರುವುದು ಗೊತ್ತಾಯಿತು. ವೈರು ಎಲ್ಲಿಗೂ ಹೋಗದ ಆ ಇಯರ್‌ಫೋನಿನಲ್ಲಿ, ಬಲಗಡೆ, ಏನಾದರೂ ಬರುತ್ತದೆಯೇ ಎಂದು ಅವಳು ಕೇಳುತ್ತಾ ಕೂತಿದ್ದಳು.